ರೇಸಿನಿಂದ ಬಂದ ಕುದುರೆಗೆ ಬೆಂಗಳೂರಿನ ಸುತ್ತ ಯಾವ ಲಾಯ? ನೋಡೋಕೆ ಹೋದಾಗ ಏನು ಗಮನಿಸಬೇಕು? ಇಟ್ಟವರು ಅನುಭವ ಹೇಳಿ

ಹೊಸ ಲಗಾಮು:
ರೇಸಿನಿಂದ ನಿವೃತ್ತಿಯಾದ ಏಳು ವರ್ಷದ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಒಂದನ್ನು ತಗೊಳ್ತಾ ಇದ್ದೀನಿ. ಮನೆ ಬನಶಂಕರಿ. ಎರಡು ಜಾಗ ನೋಡಿಟ್ಟಿದ್ದೀನಿ. ಕನಕಪುರ ರಸ್ತೆಯದು ತಿಂಗಳಿಗೆ 32,000, ಮೇವು, ಸೈಸ್ (ಕುದುರೆ ನೋಡಿಕೊಳ್ಳೋ ಆಳು) ಎಲ್ಲ ಸೇರಿ. ಹೆಸರಘಟ್ಟದ ಕಡೆಯದು 21,000. ಲಾಳ, ಡಾಕ್ಟರು, ಜಂತಿನ ಔಷಧಿ ಬೇರೆ. ಆದರೆ ಅಲ್ಲಿ ಬಯಲು ದೊಡ್ಡದು, ಹಗಲೆಲ್ಲ ಕುದುರೆ ಹೊರಗೆ ಬಿಡ್ತಾರೆ. ನಾನು ವಾರಕ್ಕೆ ಮೂರು ದಿನ ಮಾತ್ರ ಹೋಗಬಲ್ಲೆ. ಯಾವುದು ಸರಿ?

ಕೆಂಚಿಯ ಯಜಮಾನಿ:
"ಎಲ್ಲ ಸೇರಿ" ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತೆ. ನನ್ನ ಹೆಣ್ಣುಕುದುರೆ ಕೆಂಚಿಯನ್ನು ದೇವನಹಳ್ಳಿ ಕಡೆ ಒಂದು ಲಾಯದಲ್ಲಿ ಇಟ್ಟಿದ್ದೆ, ತಿಂಗಳಿಗೆ 35,000. ಕ್ಲಬ್‌ಹೌಸು, ಫ್ಲಡ್‌ಲೈಟು, ಯಾವುದಕ್ಕೂ ಕೊರತೆ ಇರಲಿಲ್ಲ. ಮೇವು ಮಾತ್ರ ಮರಳಿನ ಮೇಲೆ ಸುರೀತಿದ್ರು. ಗೋದಲಿ ಇಡಿಸಿ, ಇಲ್ಲಾ ಕೆಳಗೆ ರಬ್ಬರ್ ಮ್ಯಾಟಾದರೂ ಹಾಕಿ ಅಂತ ಬಾಯಿಬಿಟ್ಟು ಕೇಳಿದ್ದೆ. "ನೆಲದ ಮೇಲೆ ತಿನ್ನೋದೇ ಕುದುರೆಗೆ ಸಹಜ ಮೇಡಂ" ಅಂದರು.

ಮೇವಿನ ಜೊತೆ ಮರಳೂ ಹೊಟ್ಟೆ ಸೇರಿ, ಮಳೆಗಾಲ ಮುಗಿಯೋ ಹೊತ್ತಿಗೆ ಕಾಲಿಕ್, ಅಂದರೆ ವಿಪರೀತ ಹೊಟ್ಟೆನೋವು. ಬೆಳಗ್ಗೆ ಆರಕ್ಕೆ ಸೈಸ್ ಬಂದು ನೋಡಿದರೆ ಗೋಡೆ ತುಂಬ ಗೊರಸಿನ ಗೀರು, ಹಾಸಿದ್ದ ಮರದ ಹೊಟ್ಟೆಲ್ಲ ಒಂದು ಮೂಲೆಗೆ ಸರಿದುಹೋಗಿದೆ, ಕೆಂಚಿ ಬೆವರಲ್ಲಿ ತೊಯ್ದು ನಿಂತಿದ್ದಾಳೆ. ರಾತ್ರಿಯೆಲ್ಲ ಹೊರಳಾಡಿದ್ದಾಳೆ ಅಂತ ಅರ್ಥ. ರಾತ್ರಿ ಅಲ್ಲಿದ್ದವನು ಗೇಟಿನ ಸೆಕ್ಯೂರಿಟಿ ಒಬ್ಬನೇ, ಅವನಿಗೆ ಕುದುರೆ ಹತ್ತಿರ ಹೋಗೋಕೇ ಭಯ. ಡಾಕ್ಟರಿಗೆ 5,000, ಡ್ರಿಪ್ಪು ಇಂಜೆಕ್ಷನ್ನಿಗೆ 11,600, ಹೆಬ್ಬಾಳದ ಆಸ್ಪತ್ರೆಗೆ ಸಾಗಿಸೋ ಗಾಡಿಗೆ 8,500. ಆಮೇಲೆ ಮರಳು ಹೊರಗೆ ಹೋಗಲಿ ಅಂತ ಇಸಬ್ಗೋಲು, ಕಿಲೋಗಟ್ಟಲೆ. ಆ ತಿಂಗಳ ಬಿಲ್ಲಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಮೇಲೆ "ಎಮರ್ಜೆನ್ಸಿ ಹ್ಯಾಂಡ್ಲಿಂಗ್" ಅಂತ 3,000 ಸೇರಿಸಿದ್ದರು.

ನೋಡೋಕೆ ಹೋದಾಗ ಇಷ್ಟು ಮಾಡಿ. ಅಲ್ಲಿರೋ ಯಾವುದಾದರೂ ಕುದುರೆಯ ಲದ್ದಿಯಲ್ಲಿ ನೆಲಕ್ಕೆ ತಾಗದ ಉಂಡೆ ತಗೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ, ನೀರು ತುಂಬಿ ಕುಲುಕಿ, ಸ್ವಲ್ಪ ಹೊತ್ತು ನೇತುಹಾಕಿ. ಹೊಟ್ಟೆಯೊಳಗಿನ ಮರಳು ತಳಕ್ಕೆ ಬಂದು ಕೂರುತ್ತೆ. ಕೆಂಚಿಯದು ಬೆರಳು ದಪ್ಪ ಕೂತಿತ್ತು.

ಹೊಸಕೋಟೆ ತೋಟ:
ಬೋರ್ಡಿಂಗ್ ಸಹವಾಸವೇ ಬೇಡ. ಎರಡು ಕಡೆ ಇಟ್ಟು ನೋಡಿದೆ, ಎರಡೂ ಕಡೆ ನನ್ನ ಕುದುರೆಯನ್ನು ನನಗೆ ಹೇಳದೆ ಬೇರೆಯವರಿಗೆ ಸವಾರಿಗೆ ಕೊಡ್ತಿದ್ರು. ತಡಿಯ ಕೆಳಗೆ ಬೆನ್ನು ಹುಣ್ಣಾದ ಮೇಲೆ ಗೊತ್ತಾಯ್ತು. ಕರ್ಕೊಂಡು ಬಂದು ನಮ್ಮ ತೋಟದಲ್ಲೇ ಕಟ್ಟಿದೆ. 12 ಅಡಿಗೆ 14 ಅಡಿಯ ಎರಡು ಕೋಣೆ, ಎತ್ತರಕ್ಕೆ ಶೀಟು, ಗಾಳಿಗೆ ಜಾಲರಿ, 4,85,000 ಆಯ್ತು. ಮೊದಲ ಬೋರು 780 ಅಡಿ ಹೋದರೂ ಬರೀ ಧೂಳು. ಎರಡನೆಯದಕ್ಕೆ ಪಂಪು ಸೇರಿ 2,10,000. ಅರ್ಧ ಎಕರೆ ನೇಪಿಯರ್ ಹುಲ್ಲು ಹಾಕಿದ್ದೀನಿ, ಮೇವಿಗೆ ಯಾರ ಮನೆ ಬಾಗಿಲಿಗೂ ಹೋಗೋ ಹಾಗಿಲ್ಲ. ದಿನಕ್ಕೆ ನೇಪಿಯರ್ 25 ಕೆಜಿ, ಗೋಧಿ ಬೂಸಾ 3 ಕೆಜಿ, ಬೇಯಿಸಿದ ಹುರುಳಿ 1 ಕೆಜಿ. ಮೈ ಕನ್ನಡಿ ಹೊಳೆದ ಹಾಗೆ ಹೊಳೆಯುತ್ತೆ, ಬಂದು ನೋಡಿ.

ಹೆಬ್ಬಾಳ ಬ್ಯಾಚ್:
ನಾನು ಪಶುವೈದ್ಯೆ. ಮೇಲಿನ ಮೇವಿನ ಪಟ್ಟಿಯನ್ನು ಯಾರೂ ಅನುಸರಿಸಬೇಡಿ. ನೇಪಿಯರ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಮೈಗೆ ಹತ್ತದ ಹಾಗೆ ಮಾಡುತ್ತೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಅದು ಬಹುಮಟ್ಟಿಗೆ ಒಡೆಯುತ್ತೆ, ಕುದುರೆಗೆ ಆ ಸೌಲಭ್ಯ ಇಲ್ಲ. ಜೊತೆಗೆ ಬೂಸಾ. ಅದರಲ್ಲಿ ಕ್ಯಾಲ್ಸಿಯಂ ನಾಮಕಾವಾಸ್ತೆ, ರಂಜಕ ಅದರ ಎಷ್ಟೋ ಪಟ್ಟು. ಎರಡೂ ಸೇರಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕೀಳೋಕೆ ಶುರು ಮಾಡುತ್ತೆ. ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತೆ. ಕೊನೆಗೆ ಮುಖದ ಮೂಳೆ ಎರಡೂ ಕಡೆ ಊದುತ್ತೆ. ಇಂಥ ಕುದುರೆಗಳನ್ನು ದುಡ್ಡಿದ್ದವರ ಲಾಯಗಳಲ್ಲೇ ನೋಡಿದ್ದೀನಿ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸೇರಿಸಿ, ಬೂಸಾ ಇಳಿಸಿ, ಒಣಹುಲ್ಲು ಹೆಚ್ಚಿಸಿ. ಲಾಯ ನೋಡೋಕೆ ಹೋದವರು ಮೊದಲು ಮೇವಿನ ಕೋಣೆ ತೆಗೆಸಿ. ಅಲ್ಲಿ ನೇಪಿಯರ್, ಬೂಸಾ ಬಿಟ್ಟು ಬೇರೇನೂ ಕಾಣದಿದ್ದರೆ ವಾಪಸ್ ಬನ್ನಿ.

ಹೊಸಕೋಟೆ ತೋಟ:
ಮೇಡಂ, ನನ್ನ ಕುದುರೆ ನೀವು ಕಣ್ಣಲ್ಲಿ ನೋಡಿಲ್ಲ. ನಮ್ಮ ತಾತನ ಕಾಲದಿಂದ ಜಟಕಾ ಕುದುರೆಗೆ ಹುರುಳಿ, ಬೂಸಾನೇ ಹಾಕಿದ್ದು.

ಹೆಬ್ಬಾಳ ಬ್ಯಾಚ್:
ತಾತನ ಕಾಲದಲ್ಲಿ ನಿಮ್ಮ ತೋಟದಲ್ಲಿ ಹೈಬ್ರಿಡ್ ನೇಪಿಯರ್ ಇರಲಿಲ್ಲ. ಅವರು ಹಾಕ್ತಿದ್ದದ್ದು ಬದುವಿನ ಗರಿಕೆ.

ಜಕ್ಕೂರು ಬಿಟ್ಟವ:
ಮೇವು, ಮರಳು ಎಲ್ಲ ಸರಿ. ಜಮೀನು ಯಾರದು ಅಂತ ಒಬ್ಬರೂ ಕೇಳಲಿಲ್ಲವಲ್ಲ! ನಾನಿದ್ದ ಲಾಯ ಚೆನ್ನಾಗಿತ್ತು, ಸೈಸ್ ಬಂಗಾರದಂಥ ಮನುಷ್ಯ. ಆದರೆ ಜಾಗ ಲೀಸಿನದು. ಮಾಲೀಕ ಲೇಔಟಿಗೆ ಮಾರಿದ, ತಿಂಗಳೊಳಗೆ ಖಾಲಿ ಮಾಡಿ ಅಂದ. ಅದೇ ಹೊತ್ತಿಗೆ, 2023ರ ಜುಲೈನಲ್ಲಿ, ಡಿ.ಜೆ. ಹಳ್ಳಿಯಲ್ಲಿ ಕುದುರೆಯೊಂದಕ್ಕೆ ಗ್ಲ್ಯಾಂಡರ್ಸ್ ಅಂತ ಖಚಿತವಾಗಿ, ಸುತ್ತಮುತ್ತ ಕುದುರೆ ಸಾಗಾಟಕ್ಕೆ ನಿರ್ಬಂಧ ಬಂತು. ಮನುಷ್ಯರಿಗೂ ಅಂಟೋ ರೋಗ, ಸರ್ಕಾರ ಮಾಡಿದ್ದು ಸರಿ. ಆದರೆ ಒಂದು ಕಡೆ ಜೆಸಿಬಿ ಬಂದು ಕಾಂಪೌಂಡ್ ಕೆಡವ್ತಾ ಇದೆ, ಇನ್ನೊಂದು ಕಡೆ ಕುದುರೆ ಹೊರಡಿಸೋ ಹಾಗಿಲ್ಲ. ಹೊಸ ಜಾಗಕ್ಕೆ 40,000 ಅಡ್ವಾನ್ಸ್ ಕೊಟ್ಟಾಗಿತ್ತು, ಖಾಲಿ ಕೋಣೆಗೂ ಬಾಡಿಗೆ ಕಟ್ಟಿದೆ. ಜೆಸಿಬಿ ಸದ್ದಿಗೆ ಕುದುರೆ ಮೇವು ಬಿಟ್ಟು ಪಕ್ಕೆಲುಬು ಎಣಿಸೋ ಹಾಗಾಯ್ತು.

ಲೀಡ್ಸ್ ಕನ್ನಡತಿ:
ಇಲ್ಲಿ ಇಂಗ್ಲೆಂಡಿನಲ್ಲಿ ಸವಾರಿ ಶಾಲೆಗೆ ಲೈಸೆನ್ಸ್ ಬೇಕು, ಬರೀ ಕುದುರೆ ಇಟ್ಟುಕೊಳ್ಳೋ ಲಿವರಿಗೆ ಬೇಡ. ಅದಕ್ಕೇ ಕರಾರಿನ ಕಾಗದ ಮುಖ್ಯ. ನಾನು ಡಿಐವೈ ಲಿವರಿಯಲ್ಲಿ ಇಟ್ಟಿದ್ದೀನಿ, ವಾರಕ್ಕೆ 35 ಪೌಂಡ್. ಕೋಣೆ, ಬಯಲು ಅವರದು. ಲದ್ದಿ ಬಾಚೋದು, ನೀರು, ಮೇವು ಎಲ್ಲ ನಂದು. ಚಳಿಗಾಲದಲ್ಲಿ ಬೆಳಗ್ಗೆ ಐದಕ್ಕೆ ಹೋಗಿ ಬಕೆಟ್ಟಿನ ಮಂಜುಗಡ್ಡೆ ಒಡೆದು ಆಮೇಲೆ ಆಫೀಸು. ನವೆಂಬರಿನಿಂದ ಬಯಲು ಕೆಸರಾಗುತ್ತೆ ಅಂತ ಹೊರಗೆ ಬಿಡೋದನ್ನೇ ನಿಲ್ಲಿಸ್ತಾರೆ, ಆದರೆ ಬಾಡಿಗೆ ಅಷ್ಟೇ. ನೋಟಿಸ್ ಎಷ್ಟು ದಿನ, ನಾನು ಫೋನಿಗೆ ಸಿಗದಿದ್ದರೆ ಡಾಕ್ಟರನ್ನು ಕರೆಸೋ ಅಧಿಕಾರ ಯಾರದು, ಎಷ್ಟು ಮೊತ್ತದವರೆಗೆ, ಎಲ್ಲ ಬರೆಸಿಕೊಂಡಿದ್ದೀನಿ. ನೀವೂ ಬರೆಸಿಕೊಳ್ಳಿ.

ಜಕ್ಕೂರು ಬಿಟ್ಟವ:
ಕಾಗದ ನನ್ನ ಹತ್ತಿರಾನೂ ಇತ್ತು ಅಕ್ಕಾ. ಲಾಯದವನೇ ಕೈಚೆಲ್ಲಿ ಕೂತ ಮೇಲೆ ಆ ಕಾಗದ ಯಾರ ಮುಖಕ್ಕೆ ಹಿಡೀಲಿ?

ರೇಸ್‌ಕೋರ್ಸ್ ರಸ್ತೆ:
ಎಲ್ಲ ಓದಿದೆ, ಹೊಟ್ಟೆ ಉರಿದು ಬರೀತಿದ್ದೀನಿ. ನಮ್ಮಪ್ಪ ರೇಸ್ ಲಾಯದಲ್ಲಿ ಸೈಸ್ ಆಗಿದ್ದವರು, ನಾನೀಗ ಒಂದು ಲಾಯದ ಸೂಪರ್‌ವೈಸರ್. ಕೆಂಚಿ ಮೇಡಂ, ಸೈಸ್ ಬೆಳಗ್ಗೆ ಆರಕ್ಕೆ ಬಂದ ಅಂತ ಬರೆದಿದ್ದೀರಿ. ಎಲ್ಲಿಂದ ಬಂದ? ಅವನಿಗೆ ಲಾಯದ ಪಕ್ಕ ಮಲಗೋಕೆ ಒಂದು ರೂಮು ಕೊಟ್ಟಿದ್ದರೆ ಮೊದಲ ಒದೆತದ ಸದ್ದಿಗೇ ಎದ್ದು ಓಡಿ ಬರ್ತಿದ್ದ. 35,000 ಕಟ್ಟೋರು ಸೈಸ್‌ಗೆ ಸಂಬಳ ಎಷ್ಟು, ಎಷ್ಟು ಕುದುರೆ ಅವನ ಕೈಯಲ್ಲಿ ಅಂತ ಯಾವತ್ತಾದರೂ ಕೇಳಿದ್ದೀರಾ? ನಮ್ಮಪ್ಪನಿಗೆ ಎರಡೇ ಕುದುರೆ. ಬೆಳಗಿನ ಜಾವ ಲೈಟು ಹಾಕೋ ಮುಂಚೆ ಕತ್ತಲಲ್ಲೇ ನಾಲ್ಕೂ ಕಾಲು ಮೊಣಕಾಲಿಂದ ಕೆಳಕ್ಕೆ ಸವರಿ, ಪೆಟ್ಟಾಗಿ ಎಲ್ಲಿ ಬಿಸಿ ಇದೆ ಅಂತ ಅಂಗೈಯಲ್ಲೇ ಹೇಳ್ತಿದ್ದರು. ಈಗ ಒಬ್ಬೊಬ್ಬನ ಕೈಗೆ ಏಳೆಂಟು ಕುದುರೆ, ಸಂಬಳ 15,000. ಲದ್ದಿ ಬಾಚೋಕೇ ಹೊತ್ತಾಗುತ್ತೆ, ಕಾಲು ಯಾವಾಗ ಮುಟ್ಟೋದು?

ಕೆಂಚಿಯ ಯಜಮಾನಿ:
ಸೈಸ್ ಮೇಲೆ ನಾನು ಒಂದು ಮಾತೂ ಹೇಳಿಲ್ಲ. ಹಬ್ಬಕ್ಕೆ ಬಟ್ಟೆ, ಅವನ ಮಗಳ ಫೀಸು ಕೂಡ ಕೊಟ್ಟಿದ್ದೀನಿ. ರೂಮು ಕಟ್ಟಿಸೋದು ಲಾಯದವರ ಕೆಲಸ.

ರೇಸ್‌ಕೋರ್ಸ್ ರಸ್ತೆ:
ಬಟ್ಟೆ ಕೊಟ್ಟಿದ್ದು ದೊಡ್ಡ ಗುಣ, ಇಲ್ಲ ಅನ್ನಲ್ಲ. ಆದರೆ ನೀವೆಲ್ಲ ಮಾಲೀಕರು ಒಟ್ಟಿಗೆ ನಿಂತು ಕೇಳಿದ್ದರೆ ರೂಮೂ ಬರ್ತಿತ್ತು. ಇನ್ನು ಹೊಸ ಲಗಾಮು ಸರ್, ಒಂದು ಮಾತು. ರೇಸ್ ಕುದುರೆ ದಿನದ ಬಹುಪಾಲು ಕೋಣೆಯಲ್ಲೇ ಇದ್ದು ಓಟ್ಸ್ ತಿಂದು ಬೆಳೆದಿರುತ್ತೆ. ಬಂದ ದಿನವೇ ದೊಡ್ಡ ಬಯಲಿಗೆ ಬಿಟ್ಟರೆ ಬೇಲಿಗೆ ನುಗ್ಗುತ್ತೆ. ಮೊದಲು ಚಿಕ್ಕ ಜಾಗ, ಪಕ್ಕದಲ್ಲಿ ಒಂದು ಶಾಂತ ಕುದುರೆ. ಓಟ್ಸ್ ಮೆಲ್ಲಗೆ ಇಳಿಸಿ, ಹುಲ್ಲು ಮೆಲ್ಲಗೆ ಏರಿಸಿ.

ಹೊಸಕೋಟೆ ತೋಟ:
ಲಾಳಾನೂ ಕೀಳಿಸಿ. ನಂದು ಬರಿಗಾಲಲ್ಲೇ ಓಡಾಡುತ್ತೆ.

ರೇಸ್‌ಕೋರ್ಸ್ ರಸ್ತೆ:
ನಿಮ್ಮ ತೋಟದ ಮಣ್ಣಿನಲ್ಲಿ ಓಡಾಡುತ್ತೆ. ಕನಕಪುರ ರಸ್ತೆಯ ಜಲ್ಲಿ ಮೇಲೆ ತೆಳು ಅಂಗಾಲಿನ ಥರೋಬ್ರೆಡ್‌ನ (ರೇಸ್ ತಳಿಯ ಕುದುರೆಯನ್ನು) ಬರಿಗಾಲಲ್ಲಿ ನಡೆಸಿದರೆ ಒಂದೇ ವಾರದಲ್ಲಿ ಗೊರಸಿನ ಅಂಚು ಒಡೆಯುತ್ತೆ. ಗೊತ್ತಿಲ್ಲದೆ ಕೀಳಿಸಿ ಅನ್ನಬೇಡಿ.

ಹೊಸ ಲಗಾಮು:
ಎಲ್ಲರಿಗೂ ಧನ್ಯವಾದ. ಎರಡೂ ಕಡೆ ಫೋನ್ ಮಾಡಿದೆ. ಹೆಸರಘಟ್ಟದಲ್ಲಿ ಒಂಬತ್ತು ಕುದುರೆಗೆ ಮೂವರು ಸೈಸ್, ಮೂವರೂ ಅಲ್ಲೇ ಮಲಗ್ತಾರಂತೆ. ಜಮೀನು ಲೀಸು, ಎಷ್ಟು ವರ್ಷ ಉಳಿದಿದೆ ಅಂತ ಮಾತ್ರ ಹೇಳಲಿಲ್ಲ. ಕನಕಪುರ ರಸ್ತೆಯದು ಸ್ವಂತ ಜಾಗ, ರಾತ್ರಿಗೆ ಕ್ಯಾಮೆರಾ ಇದೆ ಅಂದರು.

ಕೆಂಚಿಯ ಯಜಮಾನಿ:
ಕ್ಯಾಮೆರಾ ನಾನಿಟ್ಟ ಕಡೆನೂ ಇತ್ತು. ಕೆಂಚಿ ಹೊರಳಾಡಿದ್ದೆಲ್ಲ ಅದರಲ್ಲಿ ಸ್ಪಷ್ಟವಾಗಿ ರೆಕಾರ್ಡ್ ಆಗಿದೆ, ನೋಡಿದ್ದು ಮಾರನೇ ದಿನ.

ಹೊಸಕೋಟೆ ತೋಟ:
ಪಶುವೈದ್ಯರಿಗೆ ಹೇಳೋದು: ನಾಳೆಯೇ ರಕ್ತಪರೀಕ್ಷೆ ಮಾಡಿಸ್ತೀನಿ. ಕ್ಯಾಲ್ಸಿಯಂ ಸರಿಯಾಗಿದೆ ಅಂತ ಬಂದರೆ ರಿಪೋರ್ಟ್ ಇಲ್ಲೇ ಹಾಕ್ತೀನಿ.

ಹೆಬ್ಬಾಳ ಬ್ಯಾಚ್:
ರಕ್ತದಲ್ಲಿ ಸರಿಯಾಗೇ ಬರಬಹುದು. ಮೂಳೆಯಿಂದ ಕಿತ್ತು ರಕ್ತದ ಮಟ್ಟ ಕಾಯೋದೇ ಈ ರೋಗದ ಗುಣ. ಜೊತೆಗೆ ಮೂತ್ರದಲ್ಲಿ ರಂಜಕ ಎಷ್ಟು ಹೋಗ್ತಿದೆ ಅಂತಾನೂ ನೋಡಿಸಿ, ಆ ರಿಪೋರ್ಟ್ ಹಾಕಿ.