ಡಿಡಿಆರ್5 ರ‍್ಯಾಮ್ ವಾರಂಟಿಗೆ ಕೊಡೋ ಮೊದಲು ಏನೇನು ನೋಡಬೇಕು?

ಪ್ರಶ್ನೆ:
ಹೊಸ ಬಿಲ್ಡ್: ರೈಜೆನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್ (ಒಂದೇ ಕಿಟ್). ಎಕ್ಸ್‌ಪೋ (ರ‍್ಯಾಮ್ ಅನ್ನು ಕಿಟ್ ಮೇಲೆ ಬರೆದ ವೇಗಕ್ಕೆ ಏರಿಸೋ ಬಯಾಸ್ ಸೆಟ್ಟಿಂಗ್) ಆನ್ ಮಾಡಿದರೆ ಬ್ಲೂ ಸ್ಕ್ರೀನ್, ಪ್ರತಿ ಸಲವೂ ಬೇರೆ ಎರರ್. ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಎರಡನೇ ಪಾಸ್‌ನಲ್ಲೇ (ಸುತ್ತಿನಲ್ಲೇ) ತಪ್ಪು ತೋರಿಸ್ತಿದೆ. ಒಂದು ಸ್ಟಿಕ್ ಮಾತ್ರ ವಾರಂಟಿಗೆ ಕೊಟ್ಟರೆ ಸಾಕಾ?

ಉತ್ತರ 1:
ಈಗಲೇ ಕೊಡಬೇಡಿ. ಎಕ್ಸ್‌ಪೋ ಅಂದರೆ ಓವರ್‌ಕ್ಲಾಕ್, ಅಧಿಕೃತ ವೇಗಕ್ಕಿಂತ ಮೇಲೆ ಓಡಿಸೋದು. 7600ಕ್ಕೆ ಎಎಂಡಿ ಕೊಟ್ಟಿರೋ ಅಧಿಕೃತ ವೇಗ 5200 ಮಾತ್ರ. 6000ದಲ್ಲಿ ಎರರ್ ಬಂದರೆ ತಪ್ಪು ರ‍್ಯಾಮ್‌ದೇ ಆಗಬೇಕಿಲ್ಲ, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ದೋ ಹಳೇ ಬಯಾಸ್‌ದೋ ಇರಬಹುದು. ಮೊದಲು ಎಕ್ಸ್‌ಪೋ ಆಫ್ ಮಾಡಿ, ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ. ಈ ಕ್ರಮ ತಪ್ಪಿಸಬೇಡಿ: ಮೆಮೊರಿ ತಪ್ಪು ಮಾಡ್ತಿರುವಾಗ ಬಯಾಸ್ ಫ್ಲ್ಯಾಶ್ (ಅಪ್‌ಡೇಟ್) ಮಾಡಿದರೆ ಬೋರ್ಡೇ ಏಳದೆ ಹೋಗಬಹುದು.

ನಂತರ ಒಂದೇ ಸ್ಟಿಕ್ ಅನ್ನು ಎ2 ಸ್ಲಾಟ್‌ಗೆ (ಪ್ರೊಸೆಸರ್ ಕಡೆಯಿಂದ ಎರಡನೇದು) ಹಾಕಿ ಪೂರ್ತಿ 4 ಪಾಸ್ ಓಡಿಸಿ. ಅದೇ ಸ್ಲಾಟ್‌ನಲ್ಲಿ ಇನ್ನೊಂದನ್ನೂ ಓಡಿಸಿ. ಸ್ಟಿಕ್ ಬದಲಿಸಿದಾಗ ಮೊದಲ ಬೂಟ್‌ಗೆ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತೆ, ಅದು ಮೆಮೊರಿ ಟ್ರೈನಿಂಗ್, ಬೋರ್ಡ್ ಹೊಸ ಸ್ಟಿಕ್‌ಗೆ ಹೊಂದಿಕೊಳ್ಳೋ ಹೊತ್ತು. ಗಾಬರಿಯಾಗಿ ಪವರ್ ತೆಗೀಬೇಡಿ.

ಎಕ್ಸ್‌ಪೋ ಇಲ್ಲದೆಯೂ ಒಂದೇ ಸ್ಟಿಕ್ ಎರರ್ ಕೊಟ್ಟರೆ ಅದು ಕೆಟ್ಟಿದೆ, ಅನುಮಾನ ಬೇಡ. ಎರಡೂ ಎ2ನಲ್ಲಿ ಸರಿಯಿದ್ದು ಬಿ2ನಲ್ಲಿ (ನಾಲ್ಕನೇ ಸ್ಲಾಟ್) ಮಾತ್ರ ತಪ್ಪಿದರೆ ಬೋರ್ಡ್ ಕಡೆ ನೋಡಿ.

ಉತ್ತರ 2:
ಬಿ2 ಮಾತ್ರ ತಪ್ಪಿದರೆ ಕೂಲರ್ ಬಿಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದು ಮತ್ತೊಮ್ಮೆ ನೋಡಿ. ಒತ್ತಡ ಒಂದೇ ಕಡೆ ಬಿದ್ದರೆ ಒಂದು ಮೆಮೊರಿ ಚಾನೆಲ್ಲೇ (ಎ ಅಥವಾ ಬಿ ಸ್ಲಾಟ್‌ಗಳ ಸಾಲು) ಕಾಣದೆ ಹೋಗೋದುಂಟು. ಎಎಂ5ನಲ್ಲಿ (ನಿಮ್ಮ ಪ್ರೊಸೆಸರ್ ಕೂರೋ ಸಾಕೆಟ್) ಪಿನ್‌ಗಳಿರೋದು ಬೋರ್ಡಿನ ಸಾಕೆಟ್‌ನಲ್ಲಿ. ಟಾರ್ಚ್ ಓರೆಯಾಗಿ ಹಿಡಿದರೆ ಬಾಗಿದ್ದು ಕಾಣುತ್ತೆ. ಬಾಗಿದ ಪಿನ್ ವಾರಂಟಿಗೆ ಬರಲ್ಲ. ಬೋರ್ಡ್ ಕೊಡೋದಾದರೆ ಸಾಕೆಟ್ ಫೋಟೋ ತೆಗೆದು, ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೊಡಿ. ಮುಚ್ಚಳ ಬಿಸಾಡಿದವರೇ ಜಾಸ್ತಿ ತೊಂದರೆಗೆ ಸಿಕ್ಕೋದು.

ಉತ್ತರ 3:
ಕೆಟ್ಟಿದ್ದು ಒಂದೇ ಆದರೂ ಎರಡೂ ಸ್ಟಿಕ್ ಕೊಡಿ. ಕಿಟ್ ಅನ್ನು ಜೋಡಿಯಾಗಿಯೇ ಪರೀಕ್ಷೆ ಮಾಡಿರ‍್ತಾರೆ. ಒಂಟಿ ಸ್ಟಿಕ್ ಬದಲಾಗಿ ಬಂದರೆ ಚಿಪ್ ಬೇರೆಯದಿದ್ದು 6000 ಹಿಡಿಯದೆ ಹೋಗಬಹುದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡಿದ್ದರೆ ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಈಗಲೇ ಬರೆಸಿಕೊಳ್ಳಿ. ಸ್ಟಿಕರ್ ಕೀಳಬೇಡಿ, ಹೀಟ್‌ಸ್ಪ್ರೆಡರ್ ಬಿಚ್ಚಬೇಡಿ. ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕಿ, ಬಬಲ್ ರ‍್ಯಾಪ್ ಅದರ ಹೊರಗೆ. ಮೆಮ್‌ಟೆಸ್ಟ್ ಪರದೆಯ ಫೋಟೋ, ಸ್ಟಿಕರ್ ಫೋಟೋ ಎರಡೂ ಜೊತೆಗಿರಲಿ; "ಇಲ್ಲಿ ಸರಿ ಇದೆಯಲ್ಲ" ಅಂತ ವಾಪಸ್ ಕಳಿಸಿದರೆ ತೋರಿಸೋಕೆ ಬೇರೇನೂ ಇರಲ್ಲ.

ಪ್ರಶ್ನೆ ಕೇಳಿದವರು:
ಎಕ್ಸ್‌ಪೋ ಆಫ್ ಮಾಡಿ 4800ರಲ್ಲೂ ಒಂದು ಸ್ಟಿಕ್ ತಪ್ಪು ತೋರಿಸ್ತು, ಇನ್ನೊಂದು 4 ಪಾಸ್ ದಾಟಿತು. ಎರಡನ್ನೂ ಕೊಡ್ತೀನಿ. ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ 1:
ಹೊಸ ಕಿಟ್ ಬಂದ ಮೇಲೆ ಮೊದಲು ಎಕ್ಸ್‌ಪೋ ಇಲ್ಲದೆ, ಆಮೇಲೆ ಹಾಕಿ, 4 ಪಾಸ್ ಓಡಿಸಿ. ಕೆಟ್ಟ ರ‍್ಯಾಮ್ ಮೂಲಕ ಬರೆದ ಫೈಲ್‌ಗಳು ಡಿಸ್ಕ್‌ನಲ್ಲೇ ಹಾಳಾಗಿರಬಹುದು. ಹೊಸ ಬಿಲ್ಡ್ ಆದ್ದರಿಂದ ವಿಂಡೋಸ್ ಪೂರ್ತಿ ಮತ್ತೆ ಹಾಕೋದೇ ಒಳ್ಳೇದು, ಇನ್‌ಸ್ಟಾಲ್ ಪೆನ್‌ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಿ.