ಉಪ್ಪಾಗೆ ಸಸಿಗಳ ಎಣಿಕೆ: ಮಾದರಿ ಚೌಕಗಳನ್ನು ಎಲ್ಲಿ ಹಾಕಬೇಕು?

ಪ್ರಶ್ನೆ (ವಿದ್ಯಾರ್ಥಿನಿ, ಶಿರಸಿ):
ಶಿರಸಿಯಿಂದ ಕುಮಟೆಯ ಕಡೆಗೆ ಘಟ್ಟ ಇಳಿಯುವ ಕಾಡಿನಲ್ಲಿ ಉಪ್ಪಾಗೆಯ (ಹುಳಿ ಹಣ್ಣು ಬಿಡುವ ಕಾಡುಮರ) ಸಸಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆಯೇ ಎಂಬುದನ್ನು ಐದು ವರ್ಷ ಗಮನಿಸಬೇಕೆಂದಿದ್ದೇನೆ. ರಸ್ತೆಯ ಪಕ್ಕದಲ್ಲೇ 20 ಮೀಟರ್ ಅಗಲ, 20 ಮೀಟರ್ ಉದ್ದದ ಚೌಕಗಳನ್ನು ಹಾಕಿದರೆ ಓಡಾಟ ಸುಲಭ. ಅಷ್ಟು ಸಾಕಾಗುವುದೇ? ಅದೇ ನಡಿಗೆಯಲ್ಲಿ ಸಿಂಗಳೀಕಗಳನ್ನೂ (ಸಿಂಹಬಾಲದ ಕೋತಿ) ಎಣಿಸಬಹುದೇ?

ಉತ್ತರ 1 (ಸಸ್ಯಶಾಸ್ತ್ರ ಅಧ್ಯಾಪಕ, ಕಾರವಾರ):
ರಸ್ತೆಯಂಚಿನಲ್ಲಿ ಬೆಳಕೂ ಹೆಚ್ಚು, ಜನರ ಕೈ ತಾಗುವುದೂ ಹೆಚ್ಚು. ಅಲ್ಲಿ ಸಿಕ್ಕ ಸಂಖ್ಯೆಯನ್ನು ಒಳಗಾಡಿಗೆ ಅನ್ವಯಿಸಲು ಬರುವುದಿಲ್ಲ, ಚೌಕಗಳನ್ನು ನೂರಕ್ಕೆ ಏರಿಸಿದರೂ ಆ ದೋಷ ಉಳಿದೇ ಇರುತ್ತದೆ. ಮೊದಲು ನಕ್ಷೆಯಲ್ಲಿ ಕಾಡನ್ನು ಹಳ್ಳದ ದಂಡೆ, ಇಳಿಜಾರು, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡು) ಎಂದು ವಿಂಗಡಿಸಿ, ಪ್ರತಿಯೊಂದರಲ್ಲೂ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಜಾಗ ಆರಿಸಿರಿ. ನಿಮಗೆ ಬೇಕಿರುವುದು ಬದಲಾವಣೆಯ ಲೆಕ್ಕವಾದ್ದರಿಂದ ಚೌಕಗಳು ಶಾಶ್ವತವಾಗಿರಲಿ. ಸಸಿಗಳಿಗೆ ಸಂಖ್ಯೆಯ ಬಿಲ್ಲೆ ಕಟ್ಟಿದರೆ ಹಳೆಯವು ಎಷ್ಟು ಸತ್ತವು, ಹೊಸವು ಎಷ್ಟು ಹುಟ್ಟಿದವು ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ. ಚೌಕಗಳ ಸಂಖ್ಯೆಯನ್ನು ಈಗಲೇ ನಿಗದಿ ಮಾಡಬೇಡಿ. ಕೆಲವನ್ನು ಹಾಕಿ, ಒಂದರಿಂದ ಒಂದಕ್ಕೆ ಸಸಿಗಳ ಸಂಖ್ಯೆ ಎಷ್ಟು ಏರುಪೇರಾಗುತ್ತದೆಂದು ನೋಡಿರಿ; ಅಂದಾಜಿನ ತಪ್ಪನ್ನು ಅರ್ಧಕ್ಕೆ ಇಳಿಸಲು ಸುಮಾರು ನಾಲ್ಕು ಪಟ್ಟು ಚೌಕಗಳು ಬೇಕಾಗುತ್ತವೆ ಎಂಬುದು ನೆನಪಿರಲಿ.

ಉತ್ತರ 2 (ಕೃಷಿಕ, ಸಿದ್ದಾಪುರ):
ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಸುತ್ತಲಿನ ಹೆಣ್ಣು ಮರಗಳನ್ನೂ, ಅವುಗಳ ಕಾಯಿ ಕೊಯ್ದಿದ್ದಾರೆಯೇ ಎಂಬುದನ್ನೂ ಬರೆದುಕೊಳ್ಳದಿದ್ದರೆ ಸಸಿ ಕಡಿಮೆಯಾದ ಕಾರಣ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಮೊಳೆತ ಸಸಿಗಳಲ್ಲಿ ಹಲವು ಬೇಸಿಗೆಯಲ್ಲಿ ಒಣಗಿಹೋಗುತ್ತವೆ. ಆದ್ದರಿಂದ ಪ್ರತಿ ವರ್ಷವೂ ಒಂದೇ ತಿಂಗಳಲ್ಲಿ ಎಣಿಸುವುದು ಬಹಳ ಮುಖ್ಯ.

ಉತ್ತರ 3 (ವನ್ಯಜೀವಿ ಸಂಶೋಧಕ, ಕುಮಟಾ):
ಸಿಂಗಳೀಕಗಳಿಗೆ ಬೇರೆಯೇ ವಿನ್ಯಾಸ ಬೇಕು. ಮರ ನಿಂತಲ್ಲೇ ಇರುತ್ತದೆ. ಸಿಂಗಳೀಕ ಗುಂಪಾಗಿ ಮರಗಳ ಮೇಲ್ಭಾಗದಲ್ಲೇ ಸಾಗುವುದರಿಂದ ಹತ್ತಿರದಲ್ಲಿದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಟ್ರಾನ್ಸೆಕ್ಟ್ ಗೆರೆಯ (ಎಣಿಕೆಗಾಗಿ ಮೊದಲೇ ಗುರುತಿಸಿದ ನೇರ ಹಾದಿ) ಮೇಲೆ ನಡೆದು, ಗೆರೆಯಿಂದ ಪ್ರಾಣಿಯಿರುವ ದೂರವನ್ನು ಅಳೆದು ಸಾಂದ್ರತೆ ಲೆಕ್ಕ ಹಾಕಲು ಸಾಮಾನ್ಯವಾಗಿ 60ರಿಂದ 80 ಬಾರಿಯಾದರೂ ಗುಂಪುಗಳು ಕಾಣಬೇಕು. ಒಬ್ಬರ ಓಡಾಟದಲ್ಲಿ ಅದು ಬಲುಕಷ್ಟ. ಅದರ ಬದಲು ಆಯ್ದ ಜಾಗಗಳಿಗೆ ಒಂದೇ ಋತುವಿನಲ್ಲಿ ಹಲವು ಬಾರಿ ಹೋಗಿ, ಕಂಡಿತು ಅಥವಾ ಕಾಣಲಿಲ್ಲ ಎಂದಷ್ಟೇ ದಾಖಲಿಸಿದರೆ, ಇದ್ದೂ ಕಾಣದಿರುವ ಸಾಧ್ಯತೆ ಎಷ್ಟೆಂಬುದನ್ನು ಆ ದಾಖಲೆಯಿಂದಲೇ ಅಂದಾಜು ಮಾಡಬಹುದು. ಬಿಲ್ಲೆ ಕಟ್ಟುವ ಮೊದಲೇ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ.