‘ಬಾಯಂಟ್’ ಮನಸ್ಸಿಗೆ ನಮ್ಮ ಕಡೆ ಏನಂತಾರೆ?

ಚಿಂತಾಮಣಿ ಮೇಷ್ಟ್ರು: ಒಂಬತ್ತನೇ ಕ್ಲಾಸಿಗೆ ವಿಜ್ಞಾನ, ಇಂಗ್ಲಿಷ್ ಎರಡೂ ನನ್ನ ತಲೆಗೇ ಬಿದ್ದಿದೆ. ಆರ್ಕಿಮಿಡೀಸ್ ಪಾಠದಲ್ಲಿ ‘ಬಾಯನ್ಸಿ’ ಅಂದ್ರೆ ನೀರು ವಸ್ತುವನ್ನ ಮೇಲಕ್ಕೆ ತಳ್ಳೋದು ಅಂತ ಹೇಳಿ ಮುಗಿಸಿದೆ. ಮುಂದಿನ ಪೀರಿಯಡ್‌ನಲ್ಲೇ ಇಂಗ್ಲಿಷ್ ಪಾಠದಲ್ಲಿ ಯಾರೋ ‘ಬಾಯಂಟ್ (buoyant) ಮೂಡ್’ನಲ್ಲಿದ್ದಳು, ಅಂದ್ರೆ ಕುಗ್ಗದ ಖುಷಿಯಲ್ಲಿದ್ದಳು ಅಂತ ಬಂತು. ಹಿಂದಿನ ಬೆಂಚಿನವನು ‘ಬಾಯಿ ಅಂಟ್ಕೊಂಡಿತ್ತಾ ಸಾರ್?’ ಅಂದ. ನಗು ನಿಂತ ಮೇಲೆ ‘ತೇಲುವ ಮನಸ್ಸು’ ಅಂತ ಬೋರ್ಡಿನ ಮೇಲೆ ಬರೆದೆ. ಯಾರಿಗೂ ಹತ್ತಲಿಲ್ಲ, ನನಗೂ ಹಿಡಿಸಲಿಲ್ಲ. ‘ಉಲ್ಲಾಸ’ ಅಂದ್ರೆ ಆ ತೇಲೋ ಗುಣ ಹೋಗಿಬಿಡುತ್ತೆ. ನೀವೇನಂತೀರಿ?

ಕೆರೆಕೋಡಿ, ಮಾಲೂರು: ತೇಲೋದು ನಮ್ಮಲ್ಲಿ ಒಳ್ಳೆ ಲಕ್ಷಣ ಅಲ್ಲ ಮೇಷ್ಟ್ರೇ. ಬಾವಿಯಲ್ಲಿ ತೇಲ್ತು ಅಂದ್ರೆ ಏನು ತೇಲ್ತು ಅಂತ ಯಾರೂ ಕೇಳಲ್ಲ. ತೇಲುಗಣ್ಣು ಮೇಲುಗಣ್ಣು ಬಿಟ್ಟ ಅಂದ್ರೆ ಆಂಬುಲೆನ್ಸಿಗೆ ಫೋನ್ ಮಾಡಬೇಕು. ಕೇಳಿದ್ದಕ್ಕೆ ಉತ್ತರ ಕೊಡೋಕೆ ಇಷ್ಟ ಇಲ್ಲದವನು ಮಾತು ತೇಲಿಸ್ತಾನೆ. ಕೆಟ್ಟ ಮೊಟ್ಟೆ ಕೂಡ ತೇಲುತ್ತೆ! ನಮ್ಮ ಕೋಲಾರ ವರ್ಷವಿಡೀ ಹರಿಯೋ ಒಂದು ಹೊಳೆ ಇಲ್ಲದ ಜಿಲ್ಲೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರೋ ತನಕ ಎಷ್ಟೋ ಕೆರೆಯಂಗಳ ಹುಡುಗರ ಕ್ರಿಕೆಟ್ಟಿಗೇ ಮೀಸಲು. ಇಂಗ್ಲಿಷಿನವರು ಹಡಗಿನ ಜನ, ಅವರಿಗೆ ತೇಲಿದ್ರೆ ತಾನೇ ಜೀವ.

ಲೆಕ್ಕದ ಪುಸ್ತಕ: ಪದ ಹಡಗಿನವರದ್ದೇ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿದ್ದು, ‘ತೇಲು’ ಅನ್ನೋ ಸ್ಪ್ಯಾನಿಷ್ ‘ಬೊಯಾರ್’ಗೆ ನೆಂಟ. ಈಗ ತೆರಿಗೆಯವರೂ ಬಳಸ್ತಾರೆ: ಜಿಡಿಪಿ ಶೇ. 10 ಬೆಳೆದು ತೆರಿಗೆ ಶೇ. 12 ಬೆಳೆದ್ರೆ ಟ್ಯಾಕ್ಸ್ ಬಾಯನ್ಸಿ 1.2. (ಅಲ್ಲಿ ಖುಷಿಪಡೋರು ಯಾರು ಅನ್ನೋದು ಬೇರೆ ಮಾತು.)

ಒಂದು ವಿಚಿತ್ರ ನೋಡಿ. ಮುಳುಗೋದಕ್ಕೆ ನಮ್ಮಲ್ಲಿ ಬರ ಇಲ್ಲ. ಸಾಲದಲ್ಲಿ ಮುಳುಗಿದ, ಅಂಗಡಿ ಮುಳುಗ್ತು, ಮನೆ ಮುಳುಗ್ತು. ಆದ್ರೆ ಮುಳುಗದೇ ಇರೋ ಅಂಗಡಿಗೆ ‘ತೇಲ್ತಿದೆ’ ಅನ್ನಲ್ಲ, ‘ಹೆಂಗೋ ನಡೀತಿದೆ’ ಅಂತೀವಿ. ಕಷ್ಟ ಕಳೆದವನು ದಡ ಸೇರಿದ, ಇಲ್ಲಾ ಪಾರಾದ. ‘ಪಾರ’ ಅಂದ್ರೂ ಆಚೆ ದಡವೇ. ನಡುನೀರಲ್ಲಿ ಹಾಯಾಗಿ ಇರಬಹುದು ಅಂತ ನಮ್ಮೋರು ಯೋಚನೆ ಮಾಡಿದಂಗಿಲ್ಲ.

ಬಾಗೇಪಲ್ಲಿಯವಳು: ಹೊಳೆ ಇಲ್ಲ, ಅದಕ್ಕೇ ಮಾತಿಲ್ಲ ಅನ್ನೋದನ್ನ ನಾನು ಒಪ್ಪಲ್ಲ ಕೆರೆಕೋಡಿ ಅಣ್ಣ. ನಮ್ಮನೇಲಿ ತೆಲುಗು. ಅಮ್ಮ ನೆಮ್ಮದಿಯಾದಾಗ ‘ಮನಸು ತೇಲಿಕ ಪಡಿಂದಿ’ ಅಂತಾಳೆ. ತೇಲಿಕ ಅಂದ್ರೆ ಹಗುರ, ನಿಮ್ಮ ಅದೇ ‘ತೇಲು’. ನಾನು ನಮ್ಮೂರ ಚಿತ್ರಾವತಿ ಹೊಳೆಯಲ್ಲಿ ನೀರಿಗಿಂತ ಮರಳು ನೋಡಿದ್ದೇ ಹೆಚ್ಚು. ಅಂಥ ಊರಲ್ಲೂ ಮನಸ್ಸು ತೇಲ್ತಿದೆ.

ಕೆರೆಕೋಡಿ, ಮಾಲೂರು: ಅಲ್ಲಿಗೆ ನನ್ನ ಥಿಯರಿ ಮುಳುಗ್ತು ಅಕ್ಕ. 😄 ಆದ್ರೂ ‘ಹಗುರ’ ಅನ್ನೋದು ಭಾರ ಇಳಿಸಿದ ಮೇಲಿನ ಮಾತಲ್ವಾ?

ಚಿಂತಾಮಣಿ ಮೇಷ್ಟ್ರು: ನನ್ನ ತಕರಾರೂ ಅದೇ. ಕಬ್ಬಿಣದ ಹಡಗು ತೇಲೋದು ಹಗುರ ಇರೋದಕ್ಕಲ್ಲ, ತನ್ನ ತೂಕದಷ್ಟು ನೀರನ್ನ ಪಕ್ಕಕ್ಕೆ ಸರಿಸೋದಕ್ಕೆ. ಬಕೆಟ್ಟಿನೊಳಗೆ ಚೆಂಡು ಅದುಮಿ ಕೈ ಬಿಟ್ರೆ ಚಿಮ್ಮಿ ಬರುತ್ತಲ್ಲ, ಆ ಗುಣ ಇರೋ ಮನುಷ್ಯನಿಗೆ ಒಂದು ಮಾತು ಬೇಕು.

ಸೋರೆಬುರುಡೆ: ನಾನು ಈಜು ಕಲಿತಿದ್ದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮೆಟ್ಟಿಲು ಬಾವಿಯಲ್ಲಿ. ಈಗ ಆ ಬಾವಿಗೆ ಪ್ಲಾಸ್ಟಿಕ್ ಕವರ್ ಸುರೀತಾರೆ, ಅದಿರಲಿ. ಬುರುಡೆ ಸಿಗದವರು ಬೆಂಡು ಕಟ್ಟೋರು. ಗಾಳದ ದಾರಕ್ಕೂ ಬೆಂಡೇ. ತೇಲೋ ವಸ್ತು ಅಂದ್ರೆ ಅದೇ ತಾನೇ? ಅದನ್ನ ಮನುಷ್ಯನಿಗೆ ಹಚ್ಚಿ ನೋಡಿ: ‘ದುಡಿದು ದುಡಿದು ಬೆಂಡಾದ.’ ಸತ್ವ ಎಲ್ಲಾ ಹೋಗಿ ಟೊಳ್ಳಾದ ಅಂತ. ಇಂಗ್ಲಿಷಿನವನು ಬೆಂಡು ನೀರಿನ ಮೇಲೆ ಕುಣಿಯೋದು ನೋಡಿದ, ನಮ್ಮಜ್ಜ ಅದನ್ನ ಮುರಿದು ಒಳಗೆ ನೋಡಿದ.

ಲೆಕ್ಕದ ಪುಸ್ತಕ: ಬೆಂಡಿನ ವಿಷಯ ಹೊಳೆದೇ ಇರಲಿಲ್ಲ, ಭೇಷ್. ಆದ್ರೆ ಸಾವಿನ ನೆರಳು ಅವರ ಪದಗಳಿಗೂ ಇದೆ. ‘ಎಲೇಟೆಡ್’ ಅಂತ ಹಿಗ್ಗೋರು ಕೇಳಿಸ್ಕೊಳ್ಳಿ: ಅದರ ಲ್ಯಾಟಿನ್ ಮೂಲಕ್ಕೆ ಮೇಲೆತ್ತು, ಹೊರಕ್ಕೆ ಒಯ್ಯಿ ಅಂತ ಅರ್ಥ, ಹೆಣ ಹೊತ್ಕೊಂಡು ಹೋಗೋದಕ್ಕೂ ರೋಮಿನವರು ಅದೇ ಕ್ರಿಯಾಪದ ಬಳಸ್ತಿದ್ರು.

ಹಿಪ್ಪುನೇರಳೆ, ಶಿಡ್ಲಘಟ್ಟ: ಎಲ್ಲಾರೂ ನೀರೊಳಗೇ ಬಿದ್ದವ್ರೆ. ಗಿಡ ನೋಡ್ರಪ್ಪ. ಹಿಪ್ಪುನೇರಳೆ ಕಡ್ಡಿನ ಬುಡಕ್ಕೇ ಕತ್ತರಿಸ್ತೀವಿ. ನೀರು ಗೊಬ್ಬರ ಬಿದ್ರೆ ಸುಮಾರು ಎರಡು ತಿಂಗಳಿಗೆ ಮತ್ತೆ ಸೊಪ್ಪು ಕಟಾವಿಗೆ ಬರ್ತದೆ. ರೇಷ್ಮೆಗೂಡಿನ ರೇಟು ಬಿದ್ದು ಕೈ ಸುಟ್ಕೊಂಡವನು ಎರಡು ಬೆಳೆ ಚೆನ್ನಾಗಿ ತೆಗೆದ್ರೆ ‘ಚಿಗುರ್ಕೊಂಡ’ ಅಂತೀವಿ. ಮೇಷ್ಟ್ರು ಕೇಳಿದ ಅದುಮಿದ್ರೂ ಏಳೋದು ಇದೇ ಅಲ್ವಾ? ಇನ್ನು ಮೂಡ್‌ಗೆ ‘ಗೆಲುವು’ ಸಾಕು. ಜ್ವರ ಬಿಟ್ಟ ಮಗು, ಮಳೆ ಕಂಡ ರಾಗಿ ಪೈರು, ಎರಡೂ ಗೆಲುವಾಗಿರ್ತವೆ.

ಬಾಗೇಪಲ್ಲಿಯವಳು: ಗೆಲುವು ಅಂದ್ರೆ ಈಗಿನ ಮಕ್ಕಳಿಗೆ ಕಬಡ್ಡಿ, ಎಲೆಕ್ಷನ್ ಅಷ್ಟೇ.

ಹಿಪ್ಪುನೇರಳೆ, ಶಿಡ್ಲಘಟ್ಟ: ಗೊತ್ತಿಲ್ಲ ಅಂದ್ರೆ ಹೇಳಿಕೊಡೋದು ಬಿಟ್ಟು ಪದಾನೇ ಬಿಡೋದಾ ಅಕ್ಕ?

ಚಿಂತಾಮಣಿ ಮೇಷ್ಟ್ರು: ಸೋಮವಾರ ‘ಗೆಲುವಾಗಿದ್ದಳು’ ಅಂತ ತಿದ್ದಿಸ್ತೀನಿ. ತೇಲಿಕವನ್ನೂ ಪಕ್ಕದಲ್ಲಿ ಬರೀತೀನಿ, ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗೇ. ಮೊಟ್ಟೆ ಪ್ರಯೋಗವೂ ಅವತ್ತೇ: ಸಿಹಿನೀರಲ್ಲಿ ಮುಳುಗೋ ಮೊಟ್ಟೆ ಉಪ್ಪುನೀರಲ್ಲಿ ತೇಲೋದು.

ಸೋರೆಬುರುಡೆ: ಉಪ್ಪು ಧಾರಾಳವಾಗಿ ಹಾಕಿ ಸಾರ್. ನನ್ನ ಮೊಮ್ಮಗ ಒಂದು ಚಮಚ ಹಾಕಿ, ತೇಲ್ಲಿಲ್ಲ ಅಂತ ಸಿಟ್ಟಲ್ಲಿ ಲೋಟ ಕುಲುಕಿ ಎರಡು ಮೊಟ್ಟೆ ಒಡೆದ. ರಾತ್ರಿ ಉಪ್ಪುಪ್ಪು ಆಮ್ಲೆಟ್ ತಿಂದ್ವಿ.